ಪಕ್ಕದ ಮನೆಯ ನೀರು

ಏಪ್ರಿಲ್ 6, ಭಾನುವಾರ

ಮತ್ತೆ ಭಾನುವಾರ, ಮತ್ತೆ ಮನೆ ಹುಡುಕಾಟ. ಇಸ್ತ್ರಿ ಅಂಗಡಿ ಮುಚ್ಚಿತ್ತು. ಅಂಗಿಯನ್ನು ಹಾಸಿಗೆಯ ಕೆಳಗಿಟ್ಟು ಮಲಗಿದ್ದೆ, ಕಾಲರ್ ಒಂದು ಬಿಟ್ಟು ಉಳಿದದ್ದು ನೆಟ್ಟಗಿದೆ. ಲಾಡ್ಜಿನ ಕೆಳಗೇ ಇಡ್ಲಿ. ಬೇಗ ಬರುತ್ತೇನೆಂದಿದ್ದ ಬ್ರೋಕರ್ ಸೊಣ್ಣಪ್ಪ ಬಿಸಿಲೇರಿದ ಮೇಲೆ ಬಂದ. ಗಾಡಿಯ ಹಿಂದಿನ ಸೀಟಿನಲ್ಲಿ ಒಂದು ಮೂಟೆ ಬೂಸಾ.

‘ಮಡ್ಲಲ್ಲಿ ಇಟ್ಕಳಿ ಸಾ, ದಾರೀಲಿ ಇಳ್ಸೋಣ.’

ಬೂಸಾ ಅಪ್ಪಿಕೊಂಡೇ ರಾಬರ್ಟ್‌ಸನ್‌ಪೇಟೆ ಸುತ್ತಿದ್ದಾಯಿತು. ಮನೆ ಚೆನ್ನಾಗಿತ್ತು. ಗೇಟಿನ ಮೇಲೆ ಬೋರ್ಡು — ಫ್ಯಾಮಿಲಿಗೆ ಮಾತ್ರ. ಎಷ್ಟು ಜನ ಎಂದು ಕೇಳಿದರು. ಇಬ್ಬರು, ನಾನು, ನನ್ನ ಮಗಳು. ಮಿಸೆಸ್ಸು? ತೀರಿಹೋದರು ಎಂದೆ. ಅಯ್ಯೋ ಎಂದರು. ಕಾಫಿ ಕೊಟ್ಟರು. ಮನೆ ಕೊಡಲಿಲ್ಲ.

ಸೊಣ್ಣಪ್ಪನಿಗೆ ಸಿಟ್ಟು. ‘ನಿಜ ಯಾಕ್ ಏಳ್ತೀರ ಸಾ? ಊರಿಗೋಗವ್ರೆ ಅನ್ನಿ. ಅಡ್ವಾನ್ಸ್ ಕೊಟ್ಮ್ಯಾಕೆ ಯಾವ ಓನರ್ ಬಂದು ಎಂಡ್ರನ್ನ ಎಣ್ಸ್ತಾನೆ?’

ಕವಿತ ಹೋದ ಮೇಲೆ ಮಗಳು ಲಿಖಿತ ಅಜ್ಜಿಯ ಊರಲ್ಲೇ ಬೆಳೆದಳು, ಬಂಗಾರಪೇಟೆಯಿಂದಾಚೆ. ನಾನು ಹರಿಹರದಲ್ಲಿ, ಪಾಲು ರೂಮಿನಲ್ಲಿ. ಫೋನಿನಲ್ಲೇ ಅಪ್ಪ. ಈ ವಯಸ್ಸಿನಲ್ಲಿ ಕೆಲಸ ಬದಲಿಸಿ ಕೆಜಿಎಫ್ ಫ್ಯಾಕ್ಟರಿಗೆ ಬಂದದ್ದೇ ಅವಳಿಗೆ ಹತ್ತಿರವಾಗಲಿ ಎಂದು. ಏಳನೇ ಕ್ಲಾಸು ಮುಗಿಯಿತು, ಊರಲ್ಲಿ ಹೈಸ್ಕೂಲಿಲ್ಲ. ಸ್ಕೂಲು ತೆರೆಯುವುದರೊಳಗೆ ಮನೆಯಾಗದಿದ್ದರೆ ಅವಳ ಮಾವ ಸುಧಾಕರ್ ಹೊಸೂರಿಗೆ ಕರೆದುಕೊಂಡು ಹೋಗುತ್ತಾನೆ, ತನ್ನ ಮಕ್ಕಳ ಜೊತೆ ಓದಿಸಲು. ಒಳ್ಳೆಯವನು. ಅದೇ ತೊಂದರೆ. ಕೆಟ್ಟವನಾಗಿದ್ದರೆ ಜಗಳವಾಡಬಹುದಿತ್ತು. ಒಮ್ಮೆ ಹೋದಳೆಂದರೆ ಹೈಸ್ಕೂಲು ಪೂರ್ತಿ ಅಲ್ಲೇ... ಆಮೇಲೆ ನನ್ನ ಮಗಳಾಗಿರುತ್ತಾಳೆ, ನನ್ನ ಮನೆಯವಳಾಗಿರುವುದಿಲ್ಲ.

ಏಪ್ರಿಲ್ 13, ಭಾನುವಾರ

ಫ್ಯಾಕ್ಟರಿಯಲ್ಲಿ ನನ್ನದು ಇನ್‌ಸ್ಪೆಕ್ಷನ್. ತೂತಿಗೆ ಗೇಜ್ ಹಾಕಿ ನೋಡುವುದು — ಒಂದು ತುದಿ ಗೋ, ಇನ್ನೊಂದು ತುದಿ ನೋ-ಗೋ. ಮೊದಲನೆಯದು ಹೋಗಬೇಕು, ಎರಡನೆಯದು ಹೋಗಬಾರದು. ಮನೆಗಳಿಗೂ ಅದನ್ನೇ ಹಾಕುತ್ತಿದ್ದೇನೆ. ನೀರು, ಧೂಳು, ಸ್ಕೂಲಿನ ದೂರ, ಬಾಗಿಲ ಚಿಲಕ.

ಮೈಸೂರು ಮೈನ್ಸ್ ಕಡೆ ಒಂದು ಹಳೆಯ ಬಂಗಲೆಯ ಹಿಂಭಾಗ. ಎತ್ತರದ ಚಾವಣಿ, ಅಂಗಳದಲ್ಲಿ ಹುಣಸೆ ಮರ. ಮನಸ್ಸು ಸೋತಿತ್ತು. ಅಷ್ಟರಲ್ಲಿ ಗಾಳಿ ಎದ್ದಿತು, ಗಣಿಯ ಪುಡಿಮಣ್ಣು ಸುರಿದ ಸೈನೈಡ್ ಗುಡ್ಡದ ಕಡೆಯಿಂದ. ಮನೆಯಾಕೆ ಸೆರಗಿನಿಂದ ಟೇಬಲ್ ಒರೆಸುತ್ತಾ ‘ಬೇಸಿಗೇಲಿ ಮಾತ್ರ’ ಎಂದರು. ಒರೆಸಿದ ಜಾಗ ನೋಡುತ್ತಿದ್ದಂತೆ ಮತ್ತೆ ಬೆಳ್ಳಗಾಯಿತು. ನೋ-ಗೋ.

ನಂದಿದುರ್ಗ ಗಣಿಯ ಕೂಲಿಗಳ ಲೈನ್ ಮನೆಗಳು. ಒಂದೇ ಗೋಡೆಗೆ ಎರಡು ಸಂಸಾರ. ಆಚೆ ಒಗ್ಗರಣೆ ಹಾಕಿದರೆ ಈಚೆ ಸೀನು. ಹೆಂಗಸರು ಬಾಗಿಲಲ್ಲಿ ಕೂತು ಒಂದೇ ವಾಕ್ಯದಲ್ಲಿ ತಮಿಳು, ತೆಲುಗು, ಕನ್ನಡ ಮೂರನ್ನೂ ಮುಗಿಸುತ್ತಾರೆ. ಕಕ್ಕಸು ಸಾಲಿನ ಕೊನೆಯಲ್ಲಿ, ಎಲ್ಲರಿಗೂ ಸೇರಿ. ಹೆಣ್ಣುಮಗು... ನೋ-ಗೋ. ಹೊರಡುವಾಗ ಗುರುತಿಲ್ಲದ ಒಬ್ಬಾಕೆ ‘ಸಾಪ್ಟೀಂಗಳಾ?’ ಎಂದಳು. ಮನೆ ನೋಡಲು ಬಂದವನನ್ನು ಊಟವಾಯಿತಾ ಎಂದು ಕೇಳಿದವರು ಇಲ್ಲಿಯವರೆಗೆ ಯಾರೂ ಇಲ್ಲ. ಇದಕ್ಕೆ ಯಾವ ಗೇಜ್ ಹಾಕಬೇಕೋ.

ಬರೆದದ್ದು ಉದ್ದವಾಯಿತು. ತಿಪಟೂರು ಕಾಲೇಜಿನಲ್ಲಿ ಪ್ರೆಸಿ ರೈಟಿಂಗ್ ಎಂದು ಒಂದಿತ್ತು — ಮೂರರಲ್ಲಿ ಒಂದು ಪಾಲಿಗೆ ಇಳಿಸಬೇಕು. ನನ್ನದು ಯಾವಾಗಲೂ ಮೂಲಕ್ಕಿಂತ ದೊಡ್ಡದಾಗುತ್ತಿತ್ತು.

ಏಪ್ರಿಲ್ 20, ಭಾನುವಾರ

ಅತ್ತೆಯ ಊರಿಗೆ ಹೋಗಿದ್ದೆ. ಬಂಗಾರಪೇಟೆಯಲ್ಲಿ ಇಳಿದು ಲಿಖಿತಳಿಗೆ ಪಾನಿಪುರಿ ಕಟ್ಟಿಸಿದೆ. ನೋಡಲು ಬರಿ ನೀರು, ಬಾಯಿಗಿಟ್ಟರೆ ಕಣ್ಣಲ್ಲಿ ನೀರು. ಬಸ್ಸಿನ ಕುಲುಕಾಟಕ್ಕೆ ಪುರಿಯೆಲ್ಲ ಪುಡಿಯಾಗಿತ್ತು. ಪುಡಿಯನ್ನೇ ತಿಂದು ‘ಥ್ಯಾಂಕ್ಸ್ ಅಪ್ಪ’ ಎಂದಳು. ಥ್ಯಾಂಕ್ಸ್! ನೆಂಟರಿಗೆ ಹೇಳುವ ಮಾತು.

‘ಎಂಥಾ ಮನೆ ಬೇಕಮ್ಮ ನಿನಗೆ?’

‘ನೀವ್ ಮಾಡಿದ್ದು ಎಂಗಿದ್ರೂ ಸರಿ.’

‘ಹೆಂಗಿದ್ರೂ ಅನ್ನು.’

‘ಅದೇ ಏಳಿದ್ದು.’

ಅತ್ತೆ ಕೊಟ್ಟಿಗೆಯಿಂದಲೇ ನಕ್ಕರು. ‘ಆ ತಿದ್ದಾಟ ಫ್ಯಾಕ್ಟ್ರೀಲಿಟ್ಕಳಿ ಅಳಿಯಂದ್ರೇ. ವರ್ಸಕ್ಕೊಂದ್ ದಪ ಬಂದು ಮಗೀನ್ ಬಾಯ್ ಯಾಕ್ ಇಡೀತೀರ?’

ವರ್ಷಕ್ಕೊಮ್ಮೆಯಲ್ಲ, ಅದಕ್ಕಿಂತ ಹೆಚ್ಚು ಬಂದಿದ್ದೇನೆ.

ಆಮೇಲೆ ಕೂರಿಸಿಕೊಂಡು ತೀರ್ಪು ಕೊಟ್ಟರು. ಎರಡು ಹಸು ಬಿಟ್ಟು, ಅಳಿಯನ ಮನೆಯಲ್ಲಿ ಕೂತು ಉಣ್ಣಲು ಅವರು ಬರುವವರಲ್ಲ. ‘ಮನೆ ಮಾಡಿ. ನೋಡಕ್ಕೆ ನಾನೇ ಬತ್ತೀನಿ. ಒಪ್ಪಿದ್ರೇ ಮಗೀನ ಕಳ್ಸೋದು. ಇಲ್ಲಾಂದ್ರೆ ಸುಧಾಕರ ಕರ್ಕಂಡೋಗ್ಲಿ.’

ಕವಿತಳನ್ನು ಕೊಡುವ ಮುಂಚೆ ಗಂಡಿನ ಮನೆ ನೋಡಲು ಹೀಗೇ ತಿಪಟೂರಿಗೆ ಬಂದಿದ್ದರು. ಅಮ್ಮ ಬೆಳ್ಳಿ ಲೋಟದಲ್ಲಿ ನೀರು ಹಿಡಿದು ನಿಂತಿದ್ದಳು. ಈಕೆ ‘ಇರ್ಲಿ’ ಎಂದು ಸೀದಾ ಪಕ್ಕದ ಮನೆಗೆ ಹೋಗಿ, ಅಲ್ಲಿ ನೀರು ಕೇಳಿ ಕುಡಿದರು! ಅಮ್ಮ ಸಾಯುವವರೆಗೂ ಆ ಅವಮಾನ ಮರೆಯಲಿಲ್ಲ. ಮತ್ತೆ ಗಂಡಾಗಿ ನಿಲ್ಲಬೇಕು ನಾನು, ನರೆತ ತಲೆಯಲ್ಲಿ.

ಮೇ 4, ಭಾನುವಾರ

ಸಿಕ್ಕಿತು. ಬಂಗಾರಪೇಟೆ, ಹೊಸ ಬಡಾವಣೆ, ಮೇಲಿನ ಮನೆ. ನಲ್ಲಿ ತಿರುಗಿಸಿದರೆ ನೀರು. ಧೂಳಿಲ್ಲ. ಸ್ಕೂಲು ನಡೆದು ಹೋಗುವಷ್ಟು. ಫ್ಯಾಕ್ಟರಿಗೆ ನನಗೆ ಮಾರಿಕುಪ್ಪಂ ಟ್ರೈನಿದೆ. ಕಿಟಕಿಗೆ ಕಂಬಿ, ಬಾಗಿಲಿಗೆ ಎರಡು ಚಿಲಕ. ಎಲ್ಲ ಗೋ.

ಮಾಲೀಕರು ಬೇರೆ ಊರಲ್ಲಿದ್ದಾರೆ. ಸೊಣ್ಣಪ್ಪ ಫೋನಿನಲ್ಲಿ ‘ಫ್ಯಾಮಿಲಿ ಸಾ, ಮೇಡಮ್ಮು ತೌರಿಗೋಗವ್ರೆ’ ಎಂದ. ಪಕ್ಕದಲ್ಲೇ ಇದ್ದೆ, ಸುಮ್ಮನಿದ್ದೆ. ಸೈಲೆನ್ಸ್ ಈಸ್ ಗೋಲ್ಡನ್ನೋ, ಹಾಫ್ ಕನ್ಸೆಂಟೋ... ಎರಡರಲ್ಲಿ ಒಂದು.

ಮುಂದಿನ ಭಾನುವಾರ ಅತ್ತೆ ಬರುತ್ತಾರೆ. ಹೊಸ ಸ್ಟೀಲ್ ಲೋಟ ತಂದಿಟ್ಟಿದ್ದೇನೆ.

ಮೇ 11, ಭಾನುವಾರ

ಬಂದರು, ಲಿಖಿತಳನ್ನೂ ಕರೆದುಕೊಂಡು. ನಲ್ಲಿ ತಿರುಗಿಸಿದರು. ಟೈಲ್ಸ್ ಮೇಲೆ ಬರಿಗಾಲಲ್ಲಿ ನಡೆದು ‘ತಣ್ಣಗೈತೆ’ ಎಂದರು. ನನಗೆ ಧೈರ್ಯ ಬಂತು. ಲೋಟದಲ್ಲಿ ನೀರು ಕೊಟ್ಟೆ.

‘ಇರ್ಲಿ.’

ಮತ್ತೆ ಅದೇ! ಚಪ್ಪಲಿ ಮೆಟ್ಟಿ, ಇಳಿದು, ಪಕ್ಕದ ಗೇಟಿಗೆ ಹೋದರು. ಬೆಲ್ಲು. ನಾಯಿ. ಮತ್ತೆ ಬೆಲ್ಲು. ಮೇಲಿನಿಂದ ನೋಡುತ್ತಾ ನಿಂತಿದ್ದೆವು ಅಪ್ಪ ಮಗಳು. ಬಹಳ ಹೊತ್ತಿಗೆ ಬಾಗಿಲು ಒಂದು ಗೇಣು ತೆರೆಯಿತು. ಗ್ರಿಲ್ಲಿನೊಳಗಿಂದ ಒಂದು ಕೈ, ಕೈಯಲ್ಲಿ ನೀರಿನ ಬಾಟಲಿ. ‘ತಗೊಳ್ಳಿ ಅಜ್ಜಿ.’ ಬಾಗಿಲು ಮುಚ್ಚಿತು. ಕೆಟ್ಟವರಲ್ಲ, ಪಾಪ. ಸೀಲ್ ಒಡೆಯದ ಬಾಟಲಿ.

ಅತ್ತೆ ಅದನ್ನು ಹಾಗೇ ತಂದು ಅಡುಗೆ ಕಟ್ಟೆಯ ಮೇಲಿಟ್ಟರು.

‘ಅವ್ರ ಎಸ್ರೇನು?’

‘ಗೊತ್ತಿಲ್ಲ ಅತ್ತೆ.’

‘ಎದುರ್ಗಡೆಯೋರ್ದು?’

ಎದುರು ಗೇಟಿನಲ್ಲಿ ಹೆಸರಿನ ಬೋರ್ಡಿದೆಯಾ ಎಂದು ಬಗ್ಗಿ ನೋಡಿದೆ.

‘ನಿಮ್ಗೆ ಪಾಳಿ ಕೆಲ್ಸ. ಮಗು ಇವತ್ತೋ ನಾಳೆಯೋ ದೊಡ್ಡೋಳಾಯ್ತಾಳೆ. ಒಬ್ಳೇ ಇದ್ದಾಗ ಒಟ್ಟೆ ಇಡ್ಕಂಡು ಕೂತ್ರೆ ಯಾರ್ನ ಕೂಗ್ತಾಳೆ? ಈ ಬಾಟ್ಲೀನಾ?’

ಲಿಖಿತ ಕಿಟಕಿಯ ಕಡೆ ತಿರುಗಿ ನಿಂತಿದ್ದಳು. ಕಿವಿ ಕೆಂಪಗಾಗಿದ್ದು ಕಂಡಿತು. ನಾನು ಟೈಲ್ಸ್ ನೋಡಿದೆ. ನೀರು, ಧೂಳು, ಚಿಲಕ... ಇದು ಒಮ್ಮೆಯೂ ತಲೆಗೆ ಬಂದಿರಲಿಲ್ಲ.

ಸ್ಟೇಷನ್ನಿನಲ್ಲಿ ಕೇಳಿಯೇ ಬಿಟ್ಟೆ — ಅವತ್ತು ತಿಪಟೂರಿನಲ್ಲಿ ಯಾಕೆ ಹಾಗೆ ಮಾಡಿದಿರಿ?

‘ಗಂಡಿನ್ ಮನೆ ನೀರು ಯಾವತ್ತೂ ಸಿಹೀನೇ ಅಳಿಯಂದ್ರೇ. ಕೊಡೋರೇ ಸಕ್ರೆ ಆಕಿರ್ತಾರೆ. ಪಕ್ಕದ್ಮನೇಲಿ ಕುಡಿದ್ರೆ ನಿಜ ಗೊತ್ತಾಗೋದು. ನಮ್ ಕಡೆ ಮುದುಕೀರೆಲ್ಲ ಅಂಗೇ ಮಾಡೋದು.’

‘ಏನು ಗೊತ್ತಾಯಿತು?’

‘ಉಡ್ಗ ವಸಿ ದಡ್ಡ, ಮಾತು ಜಾಸ್ತಿ, ಆದ್ರೆ ಅಮ್ಮಂಗೆ ಜ್ವರ ಬಂದ್ರೆ ತಾನೇ ಗಂಜಿ ಕಾಯ್ಸ್ತಾನೆ ಅಂದ್ಳು ಆಯಮ್ಮ. ಸಾಕಾಯ್ತು ನಂಗೆ.’

ಟ್ರೈನು ಬಂತು. ಲಿಖಿತ ಹತ್ತುವಾಗ ನನ್ನ ಮುಖ ನೋಡಿ ನಕ್ಕಳು. ದಡ್ಡ ಎಂದದ್ದಕ್ಕೆ ಇರಬೇಕು.

ಮೇ 12

ಮಾಲೀಕರಿಗೆ ಫೋನ್ ಮಾಡಿ ಮನೆ ಬೇಡ ಎಂದೆ. ಹೆಂಡತಿ ಇಲ್ಲ ಎಂದೂ ಹೇಳಿದೆ. ಸೊಣ್ಣಪ್ಪ ಹಣೆ ಚಚ್ಚಿಕೊಂಡ. ‘ಬ್ಯಾಡ ಅಂದ್ಮ್ಯಾಕೆ ನಿಜ ಏಳಿ ಏನ್ ಬಂತು ಸಾ?’

ಗಣಿತದ ಮೇಷ್ಟ್ರು ಹೇಳುತ್ತಿದ್ದರು — ನೆಸೆಸರಿ, ಬಟ್ ನಾಟ್ ಸಫಿಷಿಯೆಂಟ್. ಆಗ ಅರ್ಥವಾಗಿರಲಿಲ್ಲ. ಟೈಲ್ಸ್ ತಣ್ಣಗಿತ್ತು, ಅಷ್ಟೇ.

ಮೇ 18, ಭಾನುವಾರ

ಈಗ ಮನೆಗಿಂತ ಮೊದಲು ಪಕ್ಕದ ಮನೆ. ಹೋಗಿ ನೀರು ಕೇಳುವುದು. ಹೊಟ್ಟೆ ನೀರಿನ ಕೊಡದ ಹಾಗೆ ಕುಲುಕುತ್ತಿದೆ. ಒಂದು ಕಡೆ ‘ಫಿಲ್ಟರ್ ಈಗಾಗ್ಲೇ ಇದೆ, ಬೇಡ’ ಎಂದು ಬಾಗಿಲು ಹಾಕಿಕೊಂಡರು. ಇನ್ನೊಂದು ಕಡೆ ನೀರು ಕೊಟ್ಟು, ನಾನು ಲೋಟ ಕದಿಯುತ್ತೇನೋ ಎಂಬಂತೆ ಅದನ್ನೇ ನೋಡುತ್ತಾ ನಿಂತರು.

‘ಸಾ, ನೀರೇ ಬೇಕಾದ್ರೆ ನನ್ ಗಾಡೀಲೈತೆ,’ ಎಂದ ಸೊಣ್ಣಪ್ಪ. ನನಗೆ ತಲೆ ಕೆಟ್ಟಿದೆ ಎಂದು ಅವನಿಗೆ ಖಾತ್ರಿಯಾಗಿದೆ.

ಸುಧಾಕರ್ ಫೋನ್ ಮಾಡಿದ್ದ. ಹೊಸೂರಿನಲ್ಲಿ ಸೀಟು ಹಿಡಿದಿಟ್ಟಿದ್ದಾನಂತೆ. ‘ಭಾವ, ನೀವೇನೂ ಬೇಜಾರು ಮಾಡ್ಕೋಬೇಡಿ.’ ಇಲ್ಲ ಎಂದೆ.

ಮೇ 25, ಭಾನುವಾರ

ಮಾರಿಕುಪ್ಪಂ. ಟ್ರೈನು ಮುಗಿಯುವ ಊರು. ಸ್ಟೇಷನ್ನಿನ ಹಿಂದೆ ಒಂದು ಬೀದಿ, ನಾಲ್ಕೈದು ಮನೆಗೊಂದು ಕೊಟ್ಟಿಗೆ. ಖಾಲಿ ಮನೆಯ ಪಕ್ಕದಲ್ಲಿ ಹಾಲು ಮಾರುವ ಆದಿಲಕ್ಷ್ಮಮ್ಮ. ಸೆರಗು ಸೊಂಟಕ್ಕೆ ಸಿಕ್ಕಿಸಿ ಸಗಣಿ ಬಾಚುತ್ತಿದ್ದರು.

‘ಸ್ವಲ್ಪ ನೀರು ಕೊಡ್ತೀರಾಮ್ಮ?’

‘ಯಾವೂರು?’

ಹೇಳಿದೆ.

‘ಎಸ್ರು?’

‘ಶಿವಪ್ರಸಾದ್.’

‘ಅಷ್ಟುದ್ದ ಯಾರ್ ಕೂಗ್ತಾರೆ? ಶಿವಪ್ಪ ಅಂತೀನಿ. ಎಂಡ್ರು?’

‘ತೀರಿಹೋದಳು.’

ಅಯ್ಯೋ ಎನ್ನಲಿಲ್ಲ. ಪೊರಕೆ ಗೋಡೆಗೆ ಒರಗಿಸಿದರು. ‘ಮಕ್ಳು?’

‘ಒಬ್ಬಳು. ಎಂಟನೇ ಕ್ಲಾಸಿಗೆ.’

‘ದೊಡ್ಡೋಳಾದ್ಲಾ?’

ಗುರುತಿಲ್ಲದ ಹೆಂಗಸು, ನಡುಬೀದಿಯಲ್ಲಿ! ಸೊಣ್ಣಪ್ಪ ಥಟ್ಟನೆ ಹಸುವಿನ ಕಡೆ ತಿರುಗಿಕೊಂಡ. ಇಲ್ಲ ಎಂದು ತಲೆಯಾಡಿಸಿದೆ.

‘ಸರಿ, ಆದಾಗ ನೋಡ್ಕಳಣ,’ ಎಂದು ಒಳಗೆ ಹೋಗಿ ಚೊಂಬು ತಂದರು. ‘ನೀರೆಲ್ಲಪ್ಪ, ನಲ್ಲಿ ಬಂದು ವಾರಾಯ್ತು. ಮಜ್ಗೆ ಕುಡಿ.’

ಕುಡಿದೆ. ಉಪ್ಪು ಹೆಚ್ಚು. ಪೂರ್ತಿ ಕುಡಿದೆ.

ಆಮೇಲೆ ಮನೆ ನೋಡಿದೆ. ಬಾಗಿಲು ಗಿಡ್ಡ, ಹಣೆ ಹೊಡೆಯಿತು. ಹಂಚಿನ ಸಂದಿಯಲ್ಲಿ ಆಕಾಶ. ಗಾಳಿ ಬಂದರೆ ಧೂಳು ಇಲ್ಲಿಗೂ ಬರುತ್ತದೆ. ಕಕ್ಕಸು ಹಿತ್ತಲಲ್ಲಿ, ಸದ್ಯ ನಮ್ಮೊಬ್ಬರದೇ. ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗಬೇಕು. ಕಿಟಕಿಯ ಒಂದು ರೆಕ್ಕೆ ಇಲ್ಲ. ಗೇಜ್ ಹಾಕಿದರೆ ಸ್ಕ್ರ್ಯಾಪಿಗೆ ಹೋಗಬೇಕಾದ ಪೀಸು.

ಅಡ್ವಾನ್ಸ್ ಕೊಟ್ಟು ಬಂದೆ.

ಜೂನ್ 1, ಭಾನುವಾರ

ನಾಳೆ ಬರದಿದ್ದರೆ ಸೀಟು ಹೋಗುತ್ತದೆಂದು ಸುಧಾಕರ್ ಬೆಳಿಗ್ಗೆಯೇ ಹೇಳಿದ್ದ. ಅತ್ತೆ ಟ್ರೈನಿಳಿದರು, ಹಿಂದೆ ಲಿಖಿತ. ಈ ಸಲ ಲೋಟ ಹಿಡಿಯಲಿಲ್ಲ ನಾನು. ಬಾಗಿಲಲ್ಲಿ ನಿಂತೆ, ತಲೆ ಬಗ್ಗಿಸಿ — ಬಾಗಿಲು ಗಿಡ್ಡ.

ಅತ್ತೆ ಸೀದಾ ಪಕ್ಕಕ್ಕೆ. ‘ವಸಿ ನೀರ್ ಕೊಡಮ್ಮ.’

‘ನಿಂತೋರಿಗೆ ಕೊಡಲ್ಲ,’ ಎಂದರು ಆದಿಲಕ್ಷ್ಮಮ್ಮ. ‘ಕೂತ್ರೆ ಕೊಡ್ತೀನಿ.’

ಕೂತರು. ಯಾವ ಊರು, ಯಾರ ಪೈಕಿ ಎಂದು ಶುರುವಾದದ್ದು ತೆಲುಗಿಗೆ ಇಳಿಯಿತು. ನನಗೆ ತೆಲುಗು ಬಾರದು. ‘ಒದಿನಾ’, ಅತ್ತಿಗೆ ಎಂದು ಕರೆದದ್ದು ತಿಳಿಯಿತು. ‘ಕವಿತ’ ಎಂದು ಒಮ್ಮೆ ಕೇಳಿಸಿತು. ಆದಿಲಕ್ಷ್ಮಮ್ಮ ಎದ್ದು ಚೊಂಬು ತಂದು ಅತ್ತೆಯ ಕೈಗಿಟ್ಟರು. ಆಮೇಲೆ ಯಾರದೋ ಹಸುವಿನ ಕೆಚ್ಚಲಬಾವು. ಊಟದ ಹೊತ್ತು ಮೀರಿತು. ಖಾಲಿ ಮನೆಯಲ್ಲಿ ಅಡ್ಡಾಡಿದೆ, ಎರಡು ಸಲ ಹಣೆ ಹೊಡೆಸಿಕೊಂಡೆ.

ಕೊನೆಗೆ ಅತ್ತೆ ಎದ್ದರು, ಸ್ಟೇಷನ್ನಿನ ಕಡೆ.

‘ಅತ್ತೆ, ಮನೆ?’

‘ನೋಡಿದ್ನಲ್ಲ.’

ಹೊಸ್ತಿಲು ಸಹ ತುಳಿದಿರಲಿಲ್ಲ!

ಏನು ತಿಳಿಯಬೇಕೋ ಗೊತ್ತಾಗದೆ ನಿಂತೆ. ಲಿಖಿತ ಕೊಟ್ಟಿಗೆಯಿಂದ ಬಂದಳು, ಕರು ನೆಕ್ಕಿದ ಕೈಯನ್ನು ಲಂಗಕ್ಕೆ ಒರೆಸುತ್ತಾ. ನಮ್ಮ ಮನೆಯ ಸುತ್ತ ಒಂದು ಸುತ್ತು ಹಾಕಿದಳು.

‘ಅಪ್ಪ, ಕಿಟಕಿ ರಿಪೇರಿ ಮಾಡ್ಸು. ನಂಗೆ ಇದೇ ರೂಮು.’

ಮಾಡ್ಸು ಎಂದಳು. ಬಹುವಚನ ಇಲ್ಲ, ಥ್ಯಾಂಕ್ಸ್ ಇಲ್ಲ. ಸೊಣ್ಣಪ್ಪನಿಗೆ ಫೋನ್ ಮಾಡಿ ಬಡಗಿ ಯಾರಿದ್ದಾರೆ ಎಂದು ಕೇಳಿದೆ.

ಆಗಸ್ಟ್ 14, ಗುರುವಾರ. ಸಂಜೆ

ಬಹಳ ದಿನದಿಂದ ಬರೆದಿಲ್ಲ. ರಾಗಿಮುದ್ದೆ ಕಲಿಯುವುದರಲ್ಲೇ ಆಯಿತು.

ಫಸ್ಟ್ ಶಿಫ್ಟ್ ಮುಗಿಸಿ ಬಂದೆ. ಬಾಗಿಲು ತೆರೆದಿತ್ತು, ಬ್ಯಾಗು ನೆಲದ ಮೇಲೆ. ಲಿಖಿತ ಇಲ್ಲ. ಕೂಗಿದೆ. ಹಿತ್ತಲಲ್ಲೂ ಇಲ್ಲ. ಪಕ್ಕದ ಮನೆಗೆ ಓಡಿದರೆ —

‘ಅಲ್ಲೇ ನಿಂತ್ಕ ಶಿವಪ್ಪ! ಒಳಕ್ ಬರ್ಬ್ಯಾಡ.’

ನಿಂತೆ.

‘ಎಳ್ಳು, ಬೆಲ್ಲ, ಕೊಬ್ರಿ ತತ್ತಾ ಓಗು. ನಿಮ್ಮತ್ತೆಗೆ ಫೋನ್ ಮಾಡಿದ್ದಾಯ್ತು, ಸಂಜೆ ಟ್ರೈನಿಗೆ ಬತ್ತಾಳೆ. ಮೂತಿ ಯಾಕಂಗಿಟ್ಕಂಡಿದ್ದೀಯ? ಒಳ್ಳೇ ಸುದ್ದಿ ಕಣಯ್ಯ.’

‘ಮಗು... ಹೆದರಿಕೊಂಡಿತ್ತಾ?’

‘ನಿನ್ನಷ್ಟಿಲ್ಲ. ಬ್ಯಾಗ್ ಎಸ್ದು ಸೀದಾ ನನ್ನತ್ರ ಬಂತು.’

ಸೀದಾ. ಎಳ್ಳು ತರಲು ಹೋದಾಗ ಅದನ್ನೇ ಹೇಳಿಕೊಂಡು ನಡೆದೆ, ಕೊಬ್ಬರಿ ಮರೆತು ಮತ್ತೆ ಹೋದೆ.

ಈಗ ನಮ್ಮ ಹೊಸ್ತಿಲಲ್ಲಿ ಕೂತು ಬರೆಯುತ್ತಿದ್ದೇನೆ. ಬೀದಿಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಆ ಮನೆಗೆ ಹೋಗುತ್ತಿದ್ದಾರೆ. ಅರಿಶಿನದ ವಾಸನೆ. ಒಳಗೆ ನಗು. ಯಾರೋ ಏನೋ ಕೀಟಲೆ ಮಾಡಿದರು, ‘ಓಗ್ರಿ ನೀವು’ ಎಂದು ಲಿಖಿತಳ ದನಿ. ಕವಿತ ಇದ್ದಿದ್ದರೆ ಹೀಗೇ...

ಬೇಡ. ಒಳ್ಳೇ ಸುದ್ದಿ.

ಹೋಗ್ರಿ ಅನ್ನು ಎಂದು ನಾಲಿಗೆಗೆ ಬಂದಿತ್ತು. ನುಂಗಿಕೊಂಡೆ.

ನಲ್ಲಿ ಗೊರಗೊರ ಎನ್ನುತ್ತಿದೆ. ಇವತ್ತು ನೀರಿನ ದಿನ! ಯಾರಿಗೂ ನೆನಪಿಲ್ಲ, ಹೆಂಗಸರೆಲ್ಲ ಒಳಗೆ, ಕೊಡಗಳೆಲ್ಲ ಬೀದಿಯಲ್ಲಿ ಬಾಯಿ ತೆರೆದು ಕೂತಿವೆ. ‘ಶಿವಪ್ಪಾ, ನೀರೂ!’ ಎಂದು ಕೂಗು. ಅದರ ಹಿಂದೆಯೇ ‘ಅಪ್ಪಾ, ಬೇಗ ಇಡ್ಕ, ನೀರು ನಿಂತೋಯ್ತದೆ!’ ಬಂದೆ, ಬಂದೆ. ಮೊದಲು ಆದಿಲಕ್ಷ್ಮಮ್ಮನ ಕೊಡ, ಆಮೇಲೆ