ನಿನ್ನ ಟೈರ್ ಅಂಗಡಿಯ ಏಳು ವರ್ಷ

ಪೈಕ್‌ವಿಲ್, ಕೆಂಟಕಿ
ಮಾರ್ಚ್ 9, 2021

ಪ್ರೀತಿಯ ಅಣ್ಣ ಹಾರ್ಲನ್‌ಗೆ,

ಫ್ಲೋರಿಡಾದ ಬಿಸಿಲು ನಿನ್ನ ಸೊಂಟಕ್ಕೆ ಒಗ್ಗಿದೆಯೆಂದು ಕೇಳಿ ಸಂತೋಷ. ಇಷ್ಟೇ ಬರೆದು ಮುಗಿಸೋಣ ಎಂದುಕೊಂಡೆ. ಆಗಲಿಲ್ಲ. ನಿನ್ನಿಂದ ಒಂದು ಉಪಕಾರ ಆಗಬೇಕು.

ಇರಾಕ್ ಯುದ್ಧದಿಂದ ಬಂದ ಈ ಓರಿನ್ ಯಾವ ಕೆಲಸಕ್ಕೂ ಬಾರದವನು ಎಂದು ಸರ್ಕಾರ ಕೊನೆಗೂ ಒಪ್ಪಿ ಪಿಂಚಣಿ ಕೊಡುತ್ತಿದೆ. ಆದರೆ 2019ರಿಂದ ಮಾತ್ರ. ನಾನು ಅರ್ಜಿ ಹಾಕಿದ್ದು 2012ರಲ್ಲಿ. ನಡುವಿನ ಏಳು ವರ್ಷ ಅಣ್ಣನ ಟೈರ್ ಅಂಗಡಿಯಲ್ಲಿ ದುಡಿಯುತ್ತಿದ್ದವನು ಕೈಲಾಗದವನು ಹೇಗಾಗುತ್ತಾನೆ ಎನ್ನುವುದು ಅವರ ವಾದ. ಮೇಲ್ಮನವಿ ಹಾಕಿದ್ದೇವೆ.

ಮನೆಯವರ ದಾಕ್ಷಿಣ್ಯಕ್ಕೆ ಸಿಕ್ಕಿದ್ದು ಕೆಲಸದ ಲೆಕ್ಕಕ್ಕೆ ಬರುವುದಿಲ್ಲವಂತೆ, ನಮ್ಮ ವಕೀಲೆ ಟೀಗ್ ಹೇಳಿದರು. ಬೇರೆ ಯಾರಾದರೂ ನನ್ನನ್ನು ಒಂದು ವಾರ ಇಟ್ಟುಕೊಳ್ಳುತ್ತಿದ್ದರೇ ಎಂದೂ ಕೇಳಿದರು. ನನಗೆ ರೇಗಿತು. ಏಳು ವರ್ಷ ಚಕ್ರ ಬಿಚ್ಚಿ ಹಾಕಿದವನು ನಾನು, ಕತ್ತೆ ಕಾಯುತ್ತಿದ್ದೆನೇ ಎಂದೆ. ಪಕ್ಕದಲ್ಲಿದ್ದ ಹೆಂಡತಿ ವರ್ನಾ ನನ್ನ ಮುಖ ನೋಡದೆ ಹೇಳಿದಳು:

"ಓರಿನ್, ನಿನ್ನನ್ನ ಕಾಫಿ ತರೋಕೆ ಕಳಿಸಿ, ನೀನು ಹಾಕಿದ ಒಂದೊಂದು ಚಕ್ರಾನೂ ನಿಮ್ಮಣ್ಣ ಮತ್ತೆ ಬಿಗಿ ಮಾಡ್ತಿದ್ದ."

ಹೌದೇನೋ ಅಣ್ಣ? ಊರಿಗೆಲ್ಲ ಗೊತ್ತಿತ್ತಂತೆ. ಕಾಫಿ ತರುತ್ತಿದ್ದ ನನ್ನೊಬ್ಬನನ್ನು ಬಿಟ್ಟು.

ಇರಲಿ. ಮೇಲ್ಮನವಿಗೆ ಸಾಕ್ಷಿಯಾಗಿ ಅದನ್ನೇ ಬರೆ. ಟೈರ್ ಢಬ್ ಎಂದಾಗಲೆಲ್ಲ ನಾನು ಲಾರಿಯಡಿ ನುಸುಳಿ ಮುದುಡಿ ಮಲಗುತ್ತಿದ್ದುದನ್ನು ಬರೆ. ಒಮ್ಮೆ ಗಿರಾಕಿಯೊಬ್ಬನ ಕೊರಳಪಟ್ಟಿ ಹಿಡಿದದ್ದನ್ನೂ ಬರೆ. ದುಡಿಮೆಗಲ್ಲ, ತಮ್ಮನೆಂಬ ಕನಿಕರಕ್ಕೆ ಸಂಬಳ ಕೊಟ್ಟೆ ಎಂದು ಸಹಿ ಹಾಕಿ ಕಳಿಸು.

ವರ್ನಾಳ ಮಂಡಿ ಪೂರ್ತಿ ಹೋಗಿದೆ. ಆದರೂ ಆಸ್ಪತ್ರೆಯ ನೆಲ ಒರೆಸಲು ಹೋಗುತ್ತಾಳೆ. ಆ ಏಳು ವರ್ಷದ ಪಿಂಚಣಿ ಬಾಕಿ ಬಂದರೆ ಅವಳು ಮನೆಯಲ್ಲಿ ಕೂರಬಹುದು. ನಾನು ಗೆದ್ದರೆ ಆ ಏಳು ವರ್ಷವೂ ದಂಡಪಿಂಡವಾಗಿದ್ದೆನೆಂದು ಸಾಬೀತು. ಸೋತರೆ ಅವಳು ಒರೆಸುತ್ತಲೇ ಇರಬೇಕು. ಯಾವ ಕಡೆ ತಿರುಗಿದರೂ ಗೋಡೆ ಕಣೋ. ಯುದ್ಧದಿಂದ ಬಂದಮೇಲೆ ನಾನು ಬೆಳಿಗ್ಗೆ ಎದ್ದು, ಗಡ್ಡ ಬೋಳಿಸಿಕೊಂಡು, ಮನುಷ್ಯರ ಹಾಗೆ ಬುತ್ತಿ ಹಿಡಿದು ಹೊರಟದ್ದು ಅಂತ ಇದ್ದರೆ ಆ ವರ್ಷಗಳಲ್ಲೇ.

ಅತ್ತಿಗೆಗೆ ನನ್ನ ನೆನಪು ಹೇಳು.

ನಿನ್ನ ತಮ್ಮ,
ಓರಿನ್

ತಾ.ಕ.: ಸುಳ್ಳು ಬರೆಸಬೇಡಿ ಎಂದು ವಕೀಲೆ ಖಡಾಖಂಡಿತವಾಗಿ ಹೇಳಿದ್ದಾರೆ. ಹಾಗಾಗಿ ಅಣ್ಣ, ಒಂದೇ ಒಂದು ದಿನವಾದರೂ ನಾನು ನಿನಗೆ ನಿಜಕ್ಕೂ ಬೇಕಾದ ಆಳಾಗಿದ್ದರೆ, ಏನನ್ನೂ ಕಳಿಸಬೇಡ. ವರ್ನಾಗೆ ಹೇಳಬೇಡ, ನಿನ್ನ ಕಾಗದ ಬಾರದಿರಲಿ ಎಂದೇ ನಾನು ಕಾಯುತ್ತಿರುತ್ತೇನೆ.