ಶಂಕ್ರೆವ್ವಕ್ಕನ ಅರ್ಧ ಕೌದಿ

ಶಂಕ್ರೆವ್ವಕ್ಕಾ, ನಿನ್ನ ನೆಗೆಣ್ಣಿ ಶಿವಗಂಗಾಳ ಶರಣು.

ಮಗಳು ರೂಪಾಲಿಯ ಬಾಣಂತನ ಹೇಗೆ ನಡೆದಿದೆ? ಕೂಸು ಹಾಲು ಕುಡಿಯುತ್ತದೆಯೇ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಿನ್ನ ದನಿ ಕೇಳಿದರೆ ಸಾಕು, ನಾನು ನಕ್ಕು ಮಾತು ತೇಲಿಸಿಬಿಡುತ್ತೇನೆ. ಅದಕ್ಕೇ ಬರೆಯಲು ಕೂತಿದ್ದೇನೆ. ನಿನ್ನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು ಅಕ್ಕಾ. ಸಣ್ಣದಲ್ಲ, ಊಟ ಸೇರದಷ್ಟು.

ನಮ್ಮಿಬ್ಬರ ಅತ್ತೆಗೆ ಲಕ್ವಾ ಹೊಡೆದು, ಬಲಗೈ ಬಿದ್ದು, ಮಾತು ತೊದಲಿ, ದಾಂಡೇಲಿಯ ನಮ್ಮ ಮನೆಗೆ ಕರೆತಂದಾಗ ನೀನೂ ಹಳಿಯಾಳದಿಂದ ಜೊತೆಗೆ ಬಂದೆ. ಕಂಕುಳಲ್ಲಿ ಅವರ ಹಳೆಯ ಇಳಕಲ್ ಸೀರೆಗಳ ಗಂಟು. ಬಂದ ದಿನ ನಾನೇ ಬಾಯಿಮಾತಿಗೆ ಅಂದೆ: "ಅಕ್ಕಾ, ನೀ ಕುಂಡ್ರು, ನಾ ಎಲ್ಲಾ ಮಾಡ್ತೇನಿ." ಅಯ್ಯೋ ಶಿವನೇ, ನೀನು ಕೂತೇಬಿಟ್ಟೆ! ಅತ್ತೆಯ ಮಂಚದ ಪಕ್ಕ ಕಾಲು ಚಾಚಿ, ಸೀರೆ ಹರವಿ ಕೌದಿ ಹೊಲಿಯತೊಡಗಿದೆ.

ಜಳಕ ನಾನು ಹಾಕುವುದು, ಹೇಲು ಉಚ್ಚೆ ನಾನು ಬಳಿಯುವುದು, ಗಂಜಿ ನಾನು ಕುಡಿಸುವುದು, ಔಷಧದ ಚೀಟಿ ಹಿಡಿದು ಓಡುವುದೂ ನಾನೇ. ಅತ್ತೆಯ ಕಣ್ಣು ಮಾತ್ರ ನಿನ್ನ ಸೂಜಿಯ ಹಿಂದೆಯೇ. ದಿನಕ್ಕೆ ಎರಡೇ ಸಾಲು ಹಾಕುತ್ತಿದ್ದೆ ನೀನು. ಡಾಕ್ಟರು ಏನೇನೋ ಹೇಳಿ ನನ್ನ ಎದೆ ಢವಢವ ಎನ್ನುತ್ತಿದ್ದ ದಿನವೂ ನಿನಗೆ ಎರಡೇ ಸಾಲು. ಬೇಗ ಮುಗಿಸಬಾರದೇನು ಎಂದು ಕೇಳಿದ್ದಕ್ಕೆ, "ಕೌದಿಗೇನ ಅವಸರ ಐತಿ? ಈ ತಂಡಿಗೆ ಆಗ್ಲಿಲ್ಲಂದ್ರ ಮುಂದಿನ ತಂಡಿಗೆ ಹೊಚ್ಚೂಣು" ಅಂದೆ. ಅತ್ತೆ ಸೊಟ್ಟ ಬಾಯಿಯಲ್ಲೇ ನಕ್ಕರು. ನನಗೆ ಒಮ್ಮೆಯೂ ಹಾಗೆ ನಕ್ಕಿರಲಿಲ್ಲ.

ನಿನ್ನ ಮೈದುನ, ನನ್ನ ಯಜಮಾನರೂ ಸುಮ್ಮನಿರಲಿಲ್ಲ. ಮಿಲ್ಲಿನ ಪಾಳಿ ಮುಗಿಸಿ ಬಂದವರು ಚಹಾ ಹೀರುತ್ತಾ, "ವೈನಿ ಬಂದ ಮ್ಯಾಲ ಅವ್ವ ಗೆಲುವಾಗ್ಯಾಳ ನೋಡು" ಎಂದರು. ನನ್ನ ಕೈಯಲ್ಲಿ ಅತ್ತೆಯ ಒದ್ದೆ ಬಟ್ಟೆಯ ಬಕೆಟ್ಟು ಇತ್ತು. ಅದನ್ನು ಅವರ ತಲೆಯ ಮೇಲೆ ಸುರಿಯಲಿಲ್ಲವಲ್ಲ, ಅದೇ ನನ್ನ ದೊಡ್ಡತನ.

ರೂಪಾಲಿಗೆ ನೋವು ಬಂತೆಂದು ನೀನು ಹಳಿಯಾಳಕ್ಕೆ ಹೋದೆಯಲ್ಲ, ಕೌದಿ ಅರ್ಧಕ್ಕೇ ಉಳಿಯಿತು. ಮರುದಿನವೇ ನಾನು ಅದನ್ನು ನನ್ನ ಹೊಲಿಗೆ ಮಷಿನ್ನಿಗೆ ಕೊಟ್ಟೆ. ಎರಡು ಸೂಜಿ ಮುರಿದವು, ಬಿಡಲಿಲ್ಲ. ನಿನ್ನ ಎರಡು ತಿಂಗಳ ಕೆಲಸವನ್ನು ಒಂದೇ ಮಧ್ಯಾಹ್ನದಲ್ಲಿ ಮಾಡಿ ತೋರಿಸುವ ಹಟ. ಹೆಮ್ಮೆಯಿಂದ ಒಯ್ದು ಹೊದಿಸಿದೆ. ಅತ್ತೆ ಎಡಗೈಯಿಂದ ಸವರುತ್ತಾ ಬಂದರು. ನಿನ್ನ ಸಾಲುಗಳು ಮುಗಿದು ಮಷಿನ್ನಿನ ಗೆರೆ ಸಿಕ್ಕ ಕಡೆ ಬೆರಳು ನಿಂತಿತು. ಅಲ್ಲಿ ಅರಿವೆ ರಟ್ಟಿನಂತೆ ಬಿರುಸಾಗಿತ್ತು. ಕೌದಿಯನ್ನು ಪಕ್ಕಕ್ಕೆ ಸರಿಸಿ ಗೋಡೆಯ ಕಡೆ ಮುಖ ಮಾಡಿದರು.

ಅಡಿಗೆಮನೆಯಲ್ಲಿ ಕೂತು ಅತ್ತುಬಿಟ್ಟೆ ಅಕ್ಕಾ. ಆಮೇಲೆ ಬ್ಲೇಡು ತೆಗೆದುಕೊಂಡು ಹೊಲಿಗೆ ಬಿಚ್ಚಲು ಅಲ್ಲೇ ಮಂಚದ ಬದಿಗೆ ಕೂತೆ. ಅವಸರ ಮಾಡಿದರೆ ಸೀರೆ ಹರಿಯುತ್ತದೆ, ಹಾಗಾಗಿ ನಿಧಾನ ಮಾಡಲೇಬೇಕಾಯಿತು. ಒಂಬತ್ತು ದಿನ ಹಿಡಿಯಿತು. ಹತ್ತನೆಯ ದಿನ ಕೈಸೂಜಿಗೆ ದಾರ ಪೋಣಿಸಿದೆ. ಮೊದಲ ಸಾಲು ಅಂಕುಡೊಂಕಾಗಿ ಹೋಯಿತು, ನೀನು ನೋಡಿದರೆ ನಗುತ್ತೀ. ಆದರೆ ಹೊಲಿಯುತ್ತಾ ಹೊಲಿಯುತ್ತಾ ಎದೆಯ ಢವಢವ ಕಡಿಮೆಯಾಯಿತು. ಕುಕ್ಕರ್ ಸೀಟಿ ಹೊಡೆದರೂ, ಈ ಸಾಲೊಂದು ಮುಗಿಯಲಿ ಎಂದು ಕೂತೇ ಇದ್ದೆ. ಇಷ್ಟು ಸುಖವನ್ನು ಎರಡು ತಿಂಗಳು ನೀನೊಬ್ಬಳೇ ಉಂಡೆಯಲ್ಲ ಎಂದು ಮತ್ತಷ್ಟು ಉರಿಯಿತು!

ನಿನ್ನೆ ಸಂಜೆ ಹೀಗೇ ಹೊಲಿಯುತ್ತಿದ್ದೆ. ಅತ್ತೆಗೆ ಪೊರೆ ಬಂದ ಕಣ್ಣು, ಸೂಜಿ ಹಿಡಿದವಳು ನೀನೇ ಎಂದುಕೊಂಡರು. "ಶಂಕ್ರೀ" ಎಂದು ಕರೆದರು. ನನ್ನ ಹೆಸರಲ್ಲ. ಆದರೂ "ಹೂಂ" ಎಂದೆ. ಅವರು ತೊದಲುತ್ತಾ, ಒಂದೊಂದೇ ಮಾತು ಎತ್ತಿಟ್ಟು ಹೇಳಿದರು: "ಆ ಗಂಗಾಗ... ಒಂದೀಟು ಕುಂಡ್ರಂತ ಹೇಳ. ನನ್ನ ಸಲುವಾಗಿ... ನಿಂತ ನಿಂತ ಸಾಯಾಕತ್ತಾಳ. ನಾ ಹೇಳಿದ್ರ... ಕೇಳೂದಿಲ್ಲಕಿ."

ನಾನೇ ಗಂಗಾ ಎಂದು ಹೇಳಲಿಲ್ಲ. "ಹೇಳ್ತೇನ್ರಿ ಅತ್ತಿ" ಎಂದೆ, ಅಷ್ಟೇ.

ಈಗ ಕೌದಿಯ ನಡುವೆ ಒಂದು ಗೇಣು ಮಾತ್ರ ಉಳಿದಿದೆ. ಕೌದಿಯ ಹೊಟ್ಟೆ ಖಾಲಿ ಇರಬಾರದೆಂದು ಹೋಳಿಗೆಯ ತುಂಡು ಇಟ್ಟು ಮುಚ್ಚುವುದು ನಮ್ಮ ಮನೆಯಲ್ಲಿ ಹಿರಿಸೊಸೆಯ ಪಾಲು. ಅದನ್ನು ನಾನು ಮುಟ್ಟುವುದಿಲ್ಲ, ಬಂದು ಮುಗಿಸು. ಆದರೆ ಒಂದು ಕರಾರು. ಬಂದ ಮೇಲೆ ಅತ್ತೆಗೆ ಜಳಕ ನೀನು ಹಾಕು, ಗಂಜಿ ನೀನು ಕುಡಿಸು. ಇನ್ನೊಂದು ಗಂಟು ಸೀರೆ ತರುವುದನ್ನು ಮರೆಯಬೇಡ. ನಾನು ಕೂತಿರುತ್ತೇನೆ. ಅತ್ತೆಯ ಅಪ್ಪಣೆಯಾಗಿದೆ.

ರೂಪಾಲಿಯ ಕೂಸು ನೂರು ವರ್ಷ ಬಾಳಲಿ, ನಿನ್ನ ಕೈ ತಣ್ಣಗಿರಲಿ.

ಇನ್ನೂ ಸ್ವಲ್ಪ ಉರಿಯುತ್ತಿರುವ,
ನಿನ್ನ ಗಂಗಾ