ಚೀಟಿಯ ಹಿಂಬದಿಯ ನಂಬರು

ಗ್ರೀನ್‌ಫರ್ಡ್
ಮಾರ್ಚ್ ೯, ಸೋಮವಾರ

ಪಾಸ್ಕಲ್ ಅಣ್ಣನವರಿಗೆ ದಾಕ್ಷಾಯಣಿಯ ನಮಸ್ಕಾರಗಳು.

ನಿನ್ನೆ ತಾನೇ ಕಾಲುವೆ ದಂಡೆಯಲ್ಲಿ ಜೊತೆಗೆ ಓಡಿದವಳು ಇವತ್ತು ಕಾಗದ ಬರೆಯುತ್ತಿದ್ದಾಳಲ್ಲ, ಇವಳಿಗೇನಾಯಿತು ಎಂದು ಗಾಬರಿಯಾಗಬೇಡಿ. ಗಾಬರಿಯಾಗುವುದು ನನ್ನ ಕೆಲಸ. ಬಾಯಿಬಿಟ್ಟು ಹೇಳಲಾಗದ ಮಾತಿದೆ, ಅದಕ್ಕೇ ಕಾಗದ. ಏಳನೇ ಇಯತ್ತೆಗೆ ಶಾಲೆ ಬಿಟ್ಟವಳ ಅಕ್ಷರ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಮಗಳು ಅನಿಶಾ ರಜೆಗೆ ಬಂದಿದ್ದರೂ ಚಿಂತೆಯಿಲ್ಲ. ಆ ಹುಡುಗಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ.

ಮೊದಲು ನಿಮ್ಮ ಓಟದ ಮಾತು. ಜನವರಿಯಲ್ಲಿ ಹಿಮ ಬಿದ್ದು ಮೂರು ವಾರ ಮನೆಯಲ್ಲೇ ಕೂತೆವು. ಹಿಮ ಹೋಯಿತು ಅಂದರೆ ಮೈ ತಯಾರಾಯಿತು ಅಂತಲ್ಲ. ನಿನ್ನೆ ಗುಡ್ಡದ ತಿರುವಿನಲ್ಲಿ ನೀವು ನಿಂತುಬಿಟ್ಟಿರಿ. "ಏನಿಲ್ಲ, ಏನಿಲ್ಲ" ಅನ್ನುತ್ತಿದ್ದಿರಿ, ಕೈ ಮಾತ್ರ ಎದೆಯ ಮೇಲಿತ್ತು. ನಾನು ನೋಡಿದೆ. ಜಿಪಿ ಡಾಕ್ಟರಿಗೆ ಒಮ್ಮೆ ತೋರಿಸಿ. ನಿಮ್ಮ ಲೂಯಿಜಾ ಮಾಡುತ್ತಿದ್ದಂತೆ ನಮಾನ್ ಮರಿಯೆ ಗಟ್ಟಿಯಾಗಿ ಹೇಳುತ್ತ ಓಡಿ. ಪ್ರಾರ್ಥನೆ ನಡುವೆ ತುಂಡಾಯಿತೋ, ವೇಗ ಹೆಚ್ಚಾಯಿತು ಎಂದೇ ಲೆಕ್ಕ. ನಾನು ವಿಭೂತಿ ಹಚ್ಚುವ ಮನೆಯವಳು, ಆದರೂ ಅವಳ ಪಕ್ಕ ಓಡಿ ಓಡಿ ಅದು ನನಗೂ ಬಾಯಿಪಾಠವಾಗಿದೆ.

ಓಟ ಮುಗಿದ ಮೇಲೆ ಫ್ಲಾಸ್ಕಿನ ಚಹಾ ಕುಡಿಯುವಾಗ ನೀವು ಚೀಲದಿಂದ ಅಂಗಿಗೆ ಚುಚ್ಚಿಕೊಳ್ಳುವ ನಂಬರ್ ಚೀಟಿ ತೆಗೆದು ತೋರಿಸಿದಿರಿ. ಬರುವ ಭಾನುವಾರದ ಸ್ಪರ್ಧೆಯದ್ದು. ಲೂಯಿಜಾ ಮುಗಿಸದೆ ಹೋದ ಅದೇ ಹದಿಮೂರು ಮೈಲಿ. ಹಿಂಬದಿಯಲ್ಲಿ, ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು ಎಂಬಲ್ಲಿ, ನನ್ನ ನಂಬರಿತ್ತು. "ಅನಿಶಾ ಮ್ಯಾಂಚೆಸ್ಟರಿನಿಂದ ಬರುವಾಗ ನಾನು ಹೋಗಿ ಆಗಿರ್ತದೆ. ನೀವಾದರೆ ಇಲ್ಲೇ ಇದ್ದೀರಲ್ಲ" ಎಂದು ನಕ್ಕಿರಿ. ನಾನು ಉಳಿದ ಚಹಾ ಹುಲ್ಲಿಗೆ ಚೆಲ್ಲಿದೆ.

ಹೋದ ವರ್ಷವೂ ಹೀಗೇ ಹಿಮ. ಆ ಓಟಕ್ಕೆ ಹೆಸರು ಕೊಟ್ಟವಳು ನಾನು. ಲೂಯಿಜಾ ತಡಮಾಡಿ ಹೆಸರು ಕೊಡುವುದನ್ನು ತಪ್ಪಿಸಿಕೊಂಡಿದ್ದಳು. ಹಿಮ ಕರಗಿದ ಮೇಲೆ ನನಗೆ ಓಡಲು ಭಯ ಹತ್ತಿತು. ಮೊಣಕಾಲು ನೋವು ಎಂದೆ. ಅಣ್ಣಾ, ಮೊಣಕಾಲಿಗೆ ಏನೂ ಆಗಿರಲಿಲ್ಲ. "ನಿನ್ನ ಚೀಟಿ ನಂಗೆ ಕೊಡು ಮಾರಾಯ್ತಿ. ಒಂದು ದಿವಸ ದಾಕ್ಷಾಯಣಿ ಆದರೆ ನಂಗೆ ಎಂತ ಕೊಂಬು ಬರ್ತದಾ?" ಎಂದಳು. ಒಬ್ಬರ ಚೀಟಿ ಇನ್ನೊಬ್ಬರು ಹಾಕಬಾರದು ಎಂಬ ನಿಯಮ ಇಬ್ಬರಿಗೂ ಗೊತ್ತಿತ್ತು.

ಹಿಂಬದಿ ನಾನು ಮೊದಲೇ ತುಂಬಿಸಿಟ್ಟಿದ್ದೆ. ಹೆಸರು, ಸಕ್ಕರೆ ಕಾಯಿಲೆ, ಕೆಳಗೆ ನನ್ನದೇ ಫೋನ್ ನಂಬರ್. ಅವಳು ಹೊಟ್ಟೆ ಹಿಡಿದು ನಕ್ಕಳು. "ನೀನು ಬಿದ್ದರೆ ನಿನ್ನ ಕಿಸೆಯಲ್ಲೇ ಫೋನ್ ಬಡಿಯುವುದಾ?" ಓದು ಬಾರದೆ ಬರೆದಿದ್ದೇನೆ ಎಂದುಕೊಂಡಳು. ತಿಳಿದೇ ಬರೆದದ್ದು. ಯಜಮಾನರು ಬಿಟ್ಟುಹೋದ ಮೇಲೆ ಆ ಜಾಗದಲ್ಲಿ ಬರೆಯಲು ನನಗೆ ಬೇರೆ ನಂಬರೇ ಇರಲಿಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ಸಿಳಿದು ವಾಪಸ್ ಹೋಗುವವಳು ನಾನು. ಆದರೂ ಆ ಒಂದು ಸಾಲು ಹೊಡೆದುಹಾಕಿ ನಿಮ್ಮ ನಂಬರ್ ಬರೆಯುವುದು ಹೊಳೆಯಲಿಲ್ಲ. ಹಿಂದಿನ ದಿನ ಅವಳ ಅಂಗಿಗೆ ನಾಲ್ಕೂ ಪಿನ್ನು ನಾನೇ ಚುಚ್ಚಿಕೊಟ್ಟೆ.

ಹನ್ನೊಂದನೇ ಮೈಲಿಯಲ್ಲಿ ಬಿದ್ದಳು. ಓಡುವಾಗ ಫೋನ್ ಒಯ್ಯುವ ರೂಢಿ ಅವಳಿಗಿರಲಿಲ್ಲ. ಆಸ್ಪತ್ರೆಯವರಿಗೆ ಸಿಕ್ಕಿದ್ದು ಆ ಚೀಟಿ ಒಂದೇ. ನರ್ಸ್ ಹೇಳಿದ್ದನ್ನು ನೀವೇ ನನಗೆ ಹೇಳಿದಿರಿ: ಕಿವಿಯ ಹತ್ತಿರ ಬಗ್ಗಿ "ಡಾಕ್ಷಾ, ಡಾಕ್ಷಾ, ಕಣ್ಣು ಬಿಡು" ಎಂದು ಕರೆಯುತ್ತಲೇ ಇದ್ದರಂತೆ. ಅವಳು ಯಾಕೆ ಕಣ್ಣು ಬಿಟ್ಟಾಳು? ಅದು ಅವಳ ಹೆಸರಲ್ಲ. ನೀವು ಹ್ಯಾರೋದ ಮನೆಯಲ್ಲಿ ಕೋರಿರೊಟ್ಟಿ ಮಾಡಿಟ್ಟು ಕಾಯುತ್ತಿದ್ದಿರಿ. ಐದು ಗಂಟೆಗೆ ನೀವು ನನಗೆ ಫೋನ್ ಮಾಡಿ, ಲೂಯಿಜಾ ಇನ್ನೂ ಬಂದಿಲ್ಲ, ಎಲ್ಲಿದ್ದಾಳೆ ಎಂದು ಕೇಳಿ, ನಾನು ಚೀಟಿಯ ವಿಷಯ ಹೇಳಿದ ಮೇಲೇ ಎಲ್ಲ ಹೊರಬಿದ್ದದ್ದು. ನೀವು ಮುಟ್ಟುವ ಹೊತ್ತಿಗೆ ಅವಳು ಹೋಗಿ ನಲವತ್ತು ನಿಮಿಷವಾಗಿತ್ತು.

ನನಗೆ ಅವತ್ತು ಗೋದಾಮಿನಲ್ಲಿ ಪಾಳಿ, ಅದು ಮುಗಿಯುವ ತನಕ ಫೋನ್ ಲಾಕರಿನಲ್ಲಿತ್ತು. ನಿಮಗೆ ಗೊತ್ತೇ ಇದೆ. ಮಣ್ಣು ಮಾಡಿದ ದಿನ ಚರ್ಚಿನ ಅಂಗಳದಲ್ಲಿ ನಿಮ್ಮ ಕಡೆಯವರು ನನ್ನನ್ನು ನೋಡಿ ಗುಸುಗುಸು ಅನ್ನುವಾಗ, "ಅವರದ್ದು ಎಂತ ತಪ್ಪು? ಕೆಲಸದಲ್ಲಿ ಇದ್ದದ್ದಲ್ಲವಾ" ಎಂದು ಎಲ್ಲರೆದುರು ಹೇಳಿದಿರಿ. ಒಂದು ವರ್ಷ ಆ ಮಾತಿನ ನೆರಳಲ್ಲೇ ಬದುಕಿದ್ದೇನೆ.

ಇಷ್ಟೇ ಕೇಳಿಕೊಳ್ಳುವುದು. ನನ್ನ ನಂಬರ್ ಹೊಡೆದುಹಾಕಿ, ಅನಿಶಾಳದು ಬರೆಯಿರಿ. ನನ್ನ ನಂಬರಿಗೆ ಶಕುನ ಚೆನ್ನಾಗಿಲ್ಲ ಎಂದಿಟ್ಟುಕೊಳ್ಳಿ. ಭಾನುವಾರ ಥಂಡಿ ಇರುತ್ತದಂತೆ, ಕೈಗವಸು ಮರೆಯಬೇಡಿ.

ಇಂತಿ ನಿಮ್ಮ ಮನೆಯ ಋಣದಲ್ಲಿರುವ
ದಾಕ್ಷಾಯಣಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಶಕುನ ಗಿಕುನ ಏನಿಲ್ಲ. ಹೋದ ವರ್ಷದ ಆ ಭಾನುವಾರ ನನಗೆ ಪಾಳಿ ಇರಲಿಲ್ಲ. ಮನೆಯಲ್ಲೇ ಇದ್ದೆ, ಫೋನ್ ಕೈಯಲ್ಲೇ ಇತ್ತು. ಹನ್ನೆರಡೂ ಹತ್ತಕ್ಕೆ ಮೊದಲ ಸಲ ಬಡಿಯಿತು. ಗುರುತಿಲ್ಲದ ನಂಬರ್. ಕೌನ್ಸಿಲಿನವರೋ, ವೀಸಾದವರೋ, ಇಂಗ್ಲಿಷಿನಲ್ಲಿ ಏನು ಕೇಳುತ್ತಾರೋ ಎಂದು ಎತ್ತಲಿಲ್ಲ. ಆರು ಸಲ ಬಡಿಯಿತು. ಆರೂ ಸಲ, ಅದು ತಾನಾಗಿ ನಿಲ್ಲುವ ತನಕ ನೋಡುತ್ತ ಕೂತೆ. ಮೂರನೇ ಸಲಕ್ಕೆ ಇದು ಲೂಯಿಜಾ ವಿಷಯವಿರಬಹುದು ಎಂದು ಹೊಳೆದಿತ್ತು. ಹೊಳೆದ ಮೇಲೆ ಇನ್ನೂ ಹೆದರಿದೆ.

ಈಗ ಯಾವ ನಂಬರ್ ಬಂದರೂ ಎತ್ತುತ್ತೇನೆ. ಮೊನ್ನೆ ಕಿಟಕಿ ಮಾರುವವನ ಮಾತನ್ನು ಕಡೆತನಕ ಕೇಳಿದೆ. ಆದರೂ ನನ್ನದು ಹೊಡೆದುಹಾಕಿ. ಭಾನುವಾರ ಹನ್ನೊಂದನೇ ಮೈಲಿಯ ಫಲಕದ ಹತ್ತಿರ ನಿಂತಿರುತ್ತೇನೆ. ನನ್ನ ಮುಖ ನೋಡಲು ಮನಸ್ಸಾಗದಿದ್ದರೆ ನೋಡದೆ ಓಡಿಹೋಗಿ. ನೀವು ದಾಟಿದ್ದು ಕಂಡರೆ ಸಾಕು.